ಹತ್ತು ಗಂಟೆಗೆ ಶುರುವಾಗುವ ಮರೆವು

"ನನಗೆ ಮರೆವಿನ ಕಾಯಿಲೆ ಶುರುವಾಗಿದೆ ಅನ್ಸುತ್ತೆ ಮೇಡಂ."

ನನ್ನ ಹತ್ತಿರ ಸಮಾಲೋಚನೆಗೆ ಬಂದು, ಬ್ಯಾಗನ್ನು ಕೆಳಗಿಡುವ ಮೊದಲೇ ಆಕೆ ಹೇಳಿದ ಮಾತು ಇದು. ವಯಸ್ಸು 41. ವಿಮೆ ಕಂಪನಿಯೊಂದರಲ್ಲಿ 14 ವರ್ಷದಿಂದ ಕ್ಲೇಮು ಪರಿಶೀಲನೆಯ ಕೆಲಸ. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆಕೆ ಒಪ್ಪಿದ್ದಾರೆ.) ಆಸ್ಪತ್ರೆಯ ಬಿಲ್ಲು, ಡಾಕ್ಟರ್ ಬರೆದ ವರದಿ, ಪಾಲಿಸಿಯ ಷರತ್ತು, ಮೂರನ್ನೂ ತಾಳೆ ನೋಡಬೇಕು. ಹಣ ಕೊಡಬಹುದೋ ಇಲ್ಲವೋ ತೀರ್ಮಾನಿಸಬೇಕು. ಯಾಕೆ ಅನ್ನುವುದನ್ನು ಪತ್ರದಲ್ಲಿ ಬರೆಯಬೇಕು. ಆ ಪತ್ರ ಓದುವವರು ಎಷ್ಟೋ ಸಲ ಆಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದವರು. "ಅದಕ್ಕೇ ನಾನು ಒಂದೊಂದು ಸಾಲೂ ಎರಡು ಸಲ ಓದ್ತೀನಿ" ಎಂದರು.

ಮೂರು ತಿಂಗಳಲ್ಲಿ ಆಕೆಯಿಂದ ಎರಡು ತಪ್ಪಾಗಿದ್ದವು. ಒಂದರಲ್ಲಿ ಪಾಲಿಸಿ ಸಂಖ್ಯೆಯ ಎರಡು ಅಂಕಿ ಅದಲುಬದಲು. ಇನ್ನೊಂದರಲ್ಲಿ, ಒಬ್ಬರಿಗೆ ಬರೆದ ಕಾರಣ ಮತ್ತೊಬ್ಬರ ಪತ್ರಕ್ಕೆ ಸೇರಿಕೊಂಡಿತ್ತು. ಎರಡೂ ಹೊರಗೆ ಹೋಗುವ ಮೊದಲೇ ಸಿಕ್ಕವು. ಯಾರೂ ಬೈದಿರಲಿಲ್ಲ. ಆದರೆ ಆಕೆಯ ತಾಯಿ ಕೊನೆಯ ಆರು ವರ್ಷ ಮರೆವಿನ ಕಾಯಿಲೆಯಲ್ಲಿ ಕಳೆದಿದ್ದರು. ಕೊನೆಕೊನೆಗೆ ಮಗಳ ಹೆಸರೂ ಅವರಿಗೆ ನೆನಪಿರಲಿಲ್ಲ. ಹಾಗಾಗಿ ಎರಡು ಅಂಕಿ ಹಿಂದುಮುಂದಾದದ್ದು ಈಕೆಗೆ ಸಣ್ಣ ತಪ್ಪಾಗಿ ಕಾಣಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಹಳೆಯ ಫೋನ್ ನಂಬರುಗಳನ್ನು ಕೊನೆಯಿಂದ ಮೊದಲಿಗೆ ಹೇಳಿಕೊಂಡು ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಒಂದು ತಪ್ಪಿದರೆ ಅವತ್ತು ನಿದ್ದೆ ಇಲ್ಲ.

ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಒಂದು ಸರಿ ಮಾಡಿದೆ, ಒಂದು ತಪ್ಪು ಮಾಡಿದೆ. ಸರಿ ಮಾಡಿದ್ದು ಡಾಕ್ಟರ ಹತ್ತಿರ ಕಳಿಸಿದ್ದು. ಥೈರಾಯ್ಡ್ ಏರುಪೇರು, ಬಿ12 ಕೊರತೆ, ನಿದ್ದೆಯ ತೊಂದರೆ, ಇವೆಲ್ಲ ಗಮನವನ್ನೂ ನೆನಪನ್ನೂ ಕೆಡಿಸಬಲ್ಲವು. ಅವನ್ನು ನೋಡದೆ 'ಎಲ್ಲ ಮನಸ್ಸಿನದ್ದು' ಅನ್ನುವ ಹಕ್ಕು ನಮಗಿಲ್ಲ. ತಪ್ಪು ಮಾಡಿದ್ದು, ಇದು ಬರೀ ಆತಂಕ ಎಂದು ಒಳಗೊಳಗೇ ತೀರ್ಮಾನಿಸಿ ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದು. ಆಕೆ ಶಿಸ್ತಾಗಿ ಮಾಡಿದರು. ಎರಡು ವಾರ ಬಿಟ್ಟು ಬಂದು ಹೇಳಿದರು: "ಡಾಕ್ಟರ್ ಎಲ್ಲ ಸರಿ ಇದೆ ಅಂದ್ರು. ಉಸಿರಾಟಾನೂ ದಿನಾ ಮಾಡಿದೆ. ಆದ್ರೂ ಹತ್ತು ಗಂಟೆ ಆಗ್ತಿದ್ದ ಹಾಗೆ ತಲೆಗೆ ಮಂಜು ಕವಿದ ಹಾಗಾಗುತ್ತೆ."

ಹತ್ತು ಗಂಟೆ. ಹೋದ ಸಲವೂ ಇದನ್ನು ಹೇಳಿದ್ದರು. ನನ್ನ ಟಿಪ್ಪಣಿಯಲ್ಲೇ ಇತ್ತು. ನಾನು ಅದರ ಬಗ್ಗೆ ನಿಂತು ಯೋಚಿಸಿರಲಿಲ್ಲ.

"ಅದಕ್ಕಿಂತ ಮೊದಲು ಹೇಗಿರುತ್ತೆ?"

"ನಾನು ಎಂಟಕ್ಕೇ ಹೋಗ್ತೀನಿ. ಆ ಎರಡು ಗಂಟೆ ಏನೂ ತೊಂದರೆ ಇರಲ್ಲ. ಒಂದು ಕಷ್ಟದ ಫೈಲು ಪೂರ್ತಿ ಮುಗಿಸ್ತೀನಿ."

"ರಜೆ ದಿನ?"

"ಕಾದಂಬರಿ ಓದ್ತೀನಿ. ನೂರು ಪುಟ ಆದ್ರೂ ಗೊತ್ತಾಗಲ್ಲ."

"ಹತ್ತು ಗಂಟೆಗೆ ಆಫೀಸಲ್ಲಿ ಏನಾಗುತ್ತೆ?"

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಲ್ಲರೂ ಬರ್ತಾರೆ" ಎಂದರು.

ಆಮೇಲೆ ಒಂದೊಂದೇ ಹೊರಗೆ ಬಂತು. ಎಂಟು ತಿಂಗಳ ಹಿಂದಿನವರೆಗೆ ಆಕೆ ಮತ್ತಿಬ್ಬರ ಜೊತೆ ಬಾಗಿಲಿದ್ದ ಒಂದು ರೂಮಿನಲ್ಲಿ ಕೂರುತ್ತಿದ್ದರು. ಮೂವರದ್ದೂ ಓದಿ ಬರೆಯುವ ಕೆಲಸವೇ. ಆಮೇಲೆ ಆಫೀಸು ಜಾಗ ಬದಲಿಸಿತು. ಈಗ ಒಂದೇ ದೊಡ್ಡ ಹಾಲ್. ಅರವತ್ತು ಜನ. ಯಾರಿಗೂ ಸ್ವಂತ ಸೀಟಿಲ್ಲ, ಮೊದಲು ಬಂದವರು ಬೇಕಾದಲ್ಲಿ ಕೂರಬಹುದು. ಮೂಲೆಯ ಸೀಟು ಸಿಗಲಿ ಎಂದೇ ಆಕೆ ಎಂಟಕ್ಕೆ ಹೋಗುತ್ತಿದ್ದರು. ಈ ಬದಲಾವಣೆಯನ್ನು ನನಗೆ ಹೇಳಬೇಕು ಅಂತ ಆಕೆಗೆ ಅನ್ನಿಸಿಯೇ ಇರಲಿಲ್ಲ. ಯಾಕೆ ಎಂದು ಕೇಳಿದರೆ, "ಅರವತ್ತು ಜನ ಅಲ್ಲೇ ಕೆಲಸ ಮಾಡ್ತಾರಲ್ಲ ಮೇಡಂ. ಅವರಿಗೆಲ್ಲ ಇಲ್ಲದ ತೊಂದರೆ ನನಗ್ಯಾಕೆ ಬರಬೇಕು?"

ಈ ಪ್ರಶ್ನೆ ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಇದಕ್ಕೆ ಸರಿಯಾದ ಉತ್ತರ ಕೊಡದೆ ಮುಂದೆ ಹೋದರೆ ಯಾವ ಸಲಹೆಯೂ ಹತ್ತುವುದಿಲ್ಲ. ಒಳಗೆ 'ನಾನೇ ದುರ್ಬಲ' ಅನ್ನುವುದು ಹಾಗೇ ಕೂತಿರುತ್ತದೆ. ಆಕೆಗೆ 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಗ್ಯಾರಿ ಇವಾನ್ಸ್ ಮತ್ತು ಡೇನಾ ಜಾನ್ಸನ್ ಎಂಬ ಸಂಶೋಧಕರು ಕಚೇರಿ ಕೆಲಸದ ಅನುಭವವಿದ್ದ 40 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಮೂರು ಗಂಟೆ ಕಾಲ ನಿಶ್ಶಬ್ದದಲ್ಲಿ ಕೆಲಸ ಮಾಡಿತು. ಇನ್ನೊಂದು ಗುಂಪಿಗೆ ತೆರೆದ ಆಫೀಸಿನಲ್ಲಿ ಇರುವಂಥ ಸಣ್ಣ ಗದ್ದಲ ಕೇಳಿಸಿದರು. ಕೊನೆಗೆ ಕೇಳಿದಾಗ, ಒತ್ತಡ ಎಷ್ಟಾಯಿತು ಅನ್ನುವುದರಲ್ಲಿ ಎರಡೂ ಗುಂಪಿನವರ ಉತ್ತರದಲ್ಲಿ ವ್ಯತ್ಯಾಸವೇ ಇರಲಿಲ್ಲ. ಆದರೆ ಗದ್ದಲದಲ್ಲಿ ಕೂತವರ ಮೂತ್ರದಲ್ಲಿ ಎಪಿನೆಫ್ರಿನ್ ಎಂಬ ಒತ್ತಡದ ಹಾರ್ಮೋನು ಹೆಚ್ಚಿತ್ತು. ಆಮೇಲೆ ಬಿಡಿಸಲಾಗದ ಒಗಟು ಕೊಟ್ಟಾಗ ಅವರು ಬೇಗ ಕೈಬಿಟ್ಟರು. ಕೂತ ಭಂಗಿಯನ್ನು ಸರಿಮಾಡಿಕೊಳ್ಳುವುದೂ ಅವರಲ್ಲಿ ಕಡಿಮೆಯಾಗಿತ್ತು.

ಭಂಗಿಯ ಮಾತು ಬಂದಾಗ ಆಕೆಯ ಕೈ ತಾನಾಗೇ ಕತ್ತಿನ ಹಿಂಭಾಗಕ್ಕೆ ಹೋಯಿತು. ಐದಾರು ತಿಂಗಳಿಂದ ಕತ್ತು ನೋವಂತೆ.

"ಅಂದ್ರೆ ಉಳಿದವರಿಗೂ ಆಗ್ತಿರಬಹುದಾ?"

"ಕೆಲವರಿಗೆ ಆಗ್ತಿರಬಹುದು. ಆಗ್ತಿದೆ ಅಂತ ಅವರಿಗೇ ಗೊತ್ತಿಲ್ಲದೆ ಇರಬಹುದು."

ಆಕೆಯ ಮುಖ ಅವತ್ತು ಮೊದಲ ಸಲ ಸಡಿಲವಾಯಿತು.

ಮುಂದಿನ ವಾರಕ್ಕೆ ಒಂದು ಕೆಲಸ ಕೊಟ್ಟೆ. ಐದು ದಿನ, ಒಂದೇ ಹಾಳೆ. ಕೆಲಸ ಕಡಿದುಹೋದ ಪ್ರತಿ ಸಲ ಒಂದು ಸಾಲು ಬರೆಯಬೇಕು: ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದಾಗ, ಯಾವುದರಿಂದ. ಜೊತೆಗೆ ಇನ್ನೊಂದು ಕಾಲಂ: ಕೇಳಿಸಿದ್ದು ಮಾತಾದರೆ, ಆ ಮಾತು ಅರ್ಥವಾಯಿತಾ? ತೊಂದರೆ ಎಂದು ಹೇಳಿಕೊಳ್ಳುವವರಿಗೆ ಇಂಥ ಹಾಳೆ ತುಂಬ ಸಹಾಯ ಮಾಡುತ್ತದೆ. 'ತುಂಬಾ ಗಲಾಟೆ' ಅನ್ನುವುದನ್ನು ಯಾರೂ ಸರಿಮಾಡಲು ಆಗುವುದಿಲ್ಲ. 'ಹನ್ನೊಂದು ಗಂಟೆಗೆ, ಪತ್ರ ಬರೆಯುವಾಗ, ಪಕ್ಕದವರ ಫೋನ್' ಅನ್ನುವುದನ್ನು ಸರಿಮಾಡಬಹುದು, ಅಲ್ವಾ?

ಹಾಳೆ ನೋಡಿ ಇಬ್ಬರಿಗೂ ಆಶ್ಚರ್ಯವಾಯಿತು. ಪ್ರಿಂಟರಿನ ಸದ್ದು, ಏಸಿಯ ಗುಂಯ್ ಅನ್ನುವ ಸದ್ದು ಇಡೀ ವಾರದಲ್ಲಿ ಒಂದು ಸಾಲೂ ಇರಲಿಲ್ಲ. ಹಾಲ್‌ನ ಆ ತುದಿಯಲ್ಲಿ ಹತ್ತು ಜನ ಒಟ್ಟಿಗೆ ನಗುವುದೂ ಎರಡೇ ಸಲ. ಸಾಲಿಗೆ ಸಾಲು ಇದ್ದದ್ದು ಮಾತು. ಅದರಲ್ಲೂ ಹೆಚ್ಚಿನ ದಿನ ಪಕ್ಕದಲ್ಲಿ ಕೂರುವ, 26 ವರ್ಷದ ಸಹೋದ್ಯೋಗಿಯ ಫೋನ್ ಮಾತು. ಆತನ ದನಿ ಜೋರಿನದ್ದೂ ಅಲ್ಲ. "ಮೆಲ್ಲಗೇ ಮಾತಾಡ್ತಾನೆ ಪಾಪ. ಅದಕ್ಕೇ ನನಗೆ ನನ್ನ ಮೇಲೇ ಸಿಟ್ಟು ಬರೋದು."

ಇಲ್ಲಿ ಸ್ವಲ್ಪ ನಿಂತು ವಿವರಿಸಬೇಕು. ಆಫೀಸಿನ ಶಬ್ದ ಎಂದರೆ ಜನ ಎಷ್ಟು ಜೋರು ಅನ್ನುವುದನ್ನೇ ಯೋಚಿಸುತ್ತಾರೆ. ಓದು ಬರಹದ ಕೆಲಸಕ್ಕೆ ಜೋರಿಗಿಂತ ಹೆಚ್ಚಿನ ಪೆಟ್ಟು ಕೊಡುವುದು ಕ್ಷಣಕ್ಷಣಕ್ಕೂ ಬದಲಾಗುವ ಸದ್ದು. ಅದರಲ್ಲಿ ಮೊದಲನೆಯದು ಮನುಷ್ಯರ ಮಾತು. ಫ್ಯಾನು ಒಂದೇ ಸಮ ತಿರುಗಿದರೆ ಕಿವಿ ಅದನ್ನು ಬಿಟ್ಟುಬಿಡುತ್ತದೆ. ಮಾತನ್ನು ಬಿಡಲಾರದು. 1976ರಲ್ಲೇ ಒಂದು ಪ್ರಯೋಗ ನಡೆದಿದೆ. ಅಕ್ಷರಗಳನ್ನು ಸರಿಯಾದ ಅನುಕ್ರಮದಲ್ಲಿ ನೆನಪಿಟ್ಟುಕೊಳ್ಳಬೇಕಾದವರ ಕಿವಿಗೆ ಅವರಿಗೆ ಬಾರದ ಭಾಷೆಯ ಮಾತು ಬಿದ್ದಾಗಲೂ ತಪ್ಪು ಹೆಚ್ಚಾಯಿತು. ಅನುಕ್ರಮ ಅನ್ನುವ ಪದ ಗಮನಿಸಿ. ಒಂದು ಪರದೆಯಿಂದ ಇನ್ನೊಂದಕ್ಕೆ ಪಾಲಿಸಿ ಸಂಖ್ಯೆಯನ್ನು ಕಣ್ಣಲ್ಲಿ ಹೊತ್ತುಕೊಂಡು ಹೋಗುವಾಗ ಆಕೆಯ ತಲೆ ಮಾಡುತ್ತಿದ್ದದ್ದೂ ಅದೇ ಕೆಲಸ. ಎರಡು ಅಂಕಿ ಅದಲುಬದಲಾಗಲು ಕಾಯಿಲೆಯೇ ಬೇಕಿಲ್ಲ.

ಇನ್ನು ಮಾತು ಅರ್ಥವಾಗುವ ಭಾಷೆಯದ್ದಾದರೆ, ಓದಿ ಅರ್ಥ ಮಾಡಿಕೊಳ್ಳುವ ಕೆಲಸಕ್ಕೆ ಮತ್ತೂ ಅಡ್ಡಿ. ಫೋನ್ ಮಾತು ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದರಲ್ಲಿ ಅರ್ಧವೇ ಕೇಳಿಸುತ್ತದೆ. "ಹೌದಾ... ಯಾವತ್ತು?... ಅಯ್ಯೋ, ಹಾಗಂದ್ರಾ?" ಉಳಿದರ್ಧವನ್ನು ತುಂಬಿಕೊಳ್ಳಲು ತಲೆ ನಮ್ಮನ್ನು ಕೇಳದೆಯೇ ಓಡುತ್ತದೆ. 2010ರಲ್ಲಿ ಲಾರೆನ್ ಎಂಬರ್ಸನ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿದರು. ಇಬ್ಬರ ಪೂರ್ತಿ ಸಂಭಾಷಣೆ ಕೇಳಿದವರಿಗಿಂತ ಒಬ್ಬರ ಅರ್ಧ ಮಾತು ಮಾತ್ರ ಕೇಳಿದವರ ಗಮನ ಹೆಚ್ಚು ಕೆಟ್ಟಿತು.

ಇದನ್ನು ಕೇಳಿದ ಮೇಲೆ ಆಕೆ, "ಹಾಗಾದ್ರೆ ಹೆಡ್‌ಫೋನ್ ಹಾಕಿಕೊಂಡಾಗ ಯಾಕೆ ಸರಿಹೋಗಲಿಲ್ಲ?" ಎಂದು ಕೇಳಿದರು. ಏನು ಕೇಳುತ್ತಿದ್ದೀರಿ ಎಂದರೆ, ಹಾಡು. ಹಾಡಿನಲ್ಲೂ ಮಾತಿದೆಯಲ್ಲ! ಬೇರೆಯವರ ಮಾತನ್ನು ತಡೆಯಲು ಹೋಗಿ ಇನ್ನೊಂದು ಮಾತನ್ನು ಕಿವಿಯೊಳಗೇ ತಂದುಕೊಂಡಿದ್ದರು. ಶಬ್ದ ತಗ್ಗಿಸುವ ದುಬಾರಿ ಹೆಡ್‌ಫೋನ್ ಕೊಂಡವರೂ ಹೀಗೇ ನಿರಾಸೆಗೊಳ್ಳುತ್ತಾರೆ. ಅವು ಏಸಿಯ, ಇಂಜಿನ್ನಿನ ಕೆಳದನಿಯ ಗುಂಯ್ ಸದ್ದನ್ನು ಚೆನ್ನಾಗಿ ಅಳಿಸುತ್ತವೆ, ಮಾತನ್ನು ಅಷ್ಟಾಗಿ ಅಳಿಸುವುದಿಲ್ಲ. ಹಿನ್ನೆಲೆಯ ಗುಂಯ್ ಹೋದ ಮೇಲೆ ಪಕ್ಕದ ಮಾತು ಇನ್ನೂ ಸ್ಪಷ್ಟವಾಗಬಹುದು. ಹಾಗಾಗಿ ಆಕೆಗೆ ಹೇಳಿದೆ: ಹಾಡು ಬೇಡ. ಮಳೆಯ ಸದ್ದು, ಫ್ಯಾನಿನ ಸದ್ದು, ಹೀಗೆ ಒಂದೇ ಸಮ ಇರುವುದನ್ನು ಸಣ್ಣಗೆ ಇಟ್ಟುಕೊಳ್ಳಿ. ಉದ್ದೇಶ ಇಷ್ಟೇ, ಪಕ್ಕದ ಮಾತಿನ ಪದಗಳು ಕಲಸಿಹೋಗಬೇಕು. ಇದು ಸ್ವಲ್ಪ ಕೆಲಸ ಮಾಡಿತು. ಆದರೆ ಎರಡು ಗಂಟೆಗಿಂತ ಜಾಸ್ತಿ ಹಾಕಿಕೊಂಡರೆ ತಲೆ ಭಾರವಾಗುತ್ತದೆ ಎಂದರು. ಸರಿ, ಎರಡು ಗಂಟೆ ಸಾಕು.

ಹಾಳೆಯಲ್ಲಿ ಇನ್ನೊಂದು ವಿಷಯವಿತ್ತು. ಆಕೆ ಅದನ್ನು ಸಂಕೋಚದಿಂದಲೇ ತೋರಿಸಿದರು. ಕಾಲು ಭಾಗದಷ್ಟು ಸಾಲುಗಳಲ್ಲಿ ಅಡ್ಡಿ ಮಾಡಿದವರ ಜಾಗದಲ್ಲಿ 'ನಾನೇ' ಎಂದು ಬರೆದಿತ್ತು. ಯಾರೂ ಕರೆಯದಿದ್ದರೂ ಮೇಲ್ ತೆಗೆದು ನೋಡುವುದು, ಈಗ ಯಾರಾದರೂ ಮಾತಾಡಿಸುತ್ತಾರೆ ಎಂದು ಮೊದಲೇ ತಲೆ ಎತ್ತುವುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕೆಲಸದ ಜಾಗದಲ್ಲಿ ಗಮನದ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಗ್ಲೋರಿಯಾ ಮಾರ್ಕ್ ಅವರೂ ಇದನ್ನೇ ಕಂಡಿದ್ದಾರೆ: ಜನ ತಮ್ಮ ಕೆಲಸವನ್ನು ತಾವೇ ಕಡಿಯುವುದು ತುಂಬಾ ಸಾಮಾನ್ಯ. ಅವರ 2008ರ ಇನ್ನೊಂದು ಪ್ರಯೋಗ ನನಗೆ ಈ ಪ್ರಕರಣದಲ್ಲಿ ಹೆಚ್ಚು ಮುಖ್ಯ ಅನ್ನಿಸಿತು. ನಡುನಡುವೆ ಅಡ್ಡಿ ಬಂದವರು ಕೆಲಸವನ್ನು ನಿಧಾನ ಮಾಡಲಿಲ್ಲ, ಬೇಗ ಮುಗಿಸಿದರು. ಕಳೆದುಹೋದ ಹೊತ್ತನ್ನು ತುಂಬಿಕೊಳ್ಳಲು ಓಡಿದರು. ಅದಕ್ಕೆ ಬೆಲೆಯಾಗಿ ಒತ್ತಡ, ಕಿರಿಕಿರಿ, ಶ್ರಮ ಹೆಚ್ಚಾಯಿತು. ಆಕೆಯ ಫೈಲುಗಳ ಲೆಕ್ಕವೂ ಒಂದು ಚೂರೂ ಇಳಿದಿರಲಿಲ್ಲ. ಅದಕ್ಕೇ ಆಫೀಸಿನಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಸಂಜೆ ಮನೆಗೆ ಬಂದು ಮಕ್ಕಳ ಮಾತಿಗೂ ಉತ್ತರಿಸಲಾರದೆ ಕತ್ತಲಲ್ಲಿ ಕೂರುತ್ತಿದ್ದುದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಇಷ್ಟಾದ ಮೇಲೆ ಸಲಹೆ. ಮೊದಲನೆಯದು ಸುಲಭದ್ದು: ಕೆಲಸವನ್ನು ಹೊತ್ತು ನೋಡಿ ಹಂಚಿಕೊಳ್ಳುವುದು. ಕಷ್ಟದ ಪತ್ರ, ಸಂಖ್ಯೆ ನಮೂದಿಸುವುದು ಎಂಟರಿಂದ ಹತ್ತು. ಕಡತ ಜೋಡಿಸುವುದು, ಮೇಲ್‌ಗಳಿಗೆ ಉತ್ತರ, ಗೊತ್ತಿರುವ ನಮೂನೆಗಳು ಗದ್ದಲದ ಹೊತ್ತಿಗೆ. ಎರಡನೆಯದು, ಯಾರಾದರೂ ಕರೆದರೆ ತಿರುಗುವ ಮೊದಲು ಒಂದು ಸಾಲು ಬರೆಯುವುದು: 'ಮೂರನೇ ಷರತ್ತು ನೋಡಿ ಆಯಿತು, ಇನ್ನು ತಾರೀಖು ತಾಳೆ ನೋಡಬೇಕು.' ಒಂದು ಕೆಲಸ ಅರ್ಧಕ್ಕೆ ಬಿಟ್ಟಾಗ ಮನಸ್ಸಿನ ಒಂದು ಭಾಗ ಅಲ್ಲೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಎಲ್ಲಿ ಬಿಟ್ಟೆ, ಮುಂದೇನು ಎಂದು ಬರೆದಿಟ್ಟರೆ ಆ ಅಂಟು ಕಡಿಮೆಯಾಗುತ್ತದೆ ಎಂದು ಆಮೇಲಿನ ಅವರದೇ ಕೆಲಸ ಹೇಳುತ್ತದೆ. ಇದಕ್ಕೆ ಬೇಕಾದ್ದು ಹತ್ತು ಸೆಕೆಂಡು. 'ಒಂದು ನಿಮಿಷ' ಎಂದು ಹೇಳುವ ಧೈರ್ಯ ಮಾತ್ರ ಬೇಕು. ಆಕೆಗೆ ಅದು ಬರಲು ಮೂರು ವಾರ ಹಿಡಿಯಿತು.

ಪಕ್ಕದವರ ಜೊತೆ ಮಾತಾಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಎಂಟು ತಿಂಗಳು ಒಳಗೆ ಇಟ್ಟುಕೊಂಡದ್ದು. ನನ್ನ ಮುಂದೆ ಅಭ್ಯಾಸ ಮಾಡಿ ಎಂದಾಗ ಮೊದಲು ಬಂದ ಸಾಲು, "ನಿಮ್ಮ ಫೋನಿಂದ ನನಗೆ ಕೆಲಸ ಮಾಡೋಕೇ ಆಗ್ತಿಲ್ಲ." ಹೀಗೆಂದರೆ ಎದುರಿನವರು ಕ್ಷಮೆ ಕೇಳಬಹುದು, ಇಲ್ಲ ಸಿಟ್ಟಾಗಬಹುದು. ಏನು ಮಾಡಬೇಕು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ನಾಲ್ಕೈದು ಸಲ ತಿದ್ದಿದ ಮೇಲೆ ಹೀಗಾಯಿತು: "ಹತ್ತೂವರೆಯಿಂದ ಹನ್ನೆರಡರವರೆಗೆ ನಾನು ಪತ್ರ ಬರೀತೀನಿ. ಆ ಹೊತ್ತಲ್ಲಿ ಪಕ್ಕದ ಮಾತು ಕಿವಿಗೆ ಬಿದ್ದರೆ ನನ್ನ ಸಾಲು ತಪ್ಪಿಹೋಗುತ್ತೆ. ಆಗ ಬರೋ ಕಾಲ್‌ಗಳನ್ನ ಕಿಟಕಿ ಹತ್ತಿರ ಹೋಗಿ ಮಾತಾಡೋಕಾಗುತ್ತಾ? ನನ್ನ ಹತ್ತಿರ ಏನಾದ್ರೂ ಕೇಳಬೇಕಿದ್ರೆ ಹನ್ನೆರಡರ ಮೇಲೆ ಯಾವಾಗ ಬೇಕಾದ್ರೂ ಕೇಳಿ."

ಆ ಹುಡುಗ ಕೊಟ್ಟ ಉತ್ತರ ನಾನೂ ಎಣಿಸಿರಲಿಲ್ಲ. "ಮೇಡಂ, ನನಗೂ ನಿಮ್ಮ ಪಕ್ಕ ಕೂತು ಗ್ರಾಹಕರ ಹತ್ತಿರ ಮಾತಾಡೋಕೆ ಮುಜುಗರ. ನೀವು ತಪ್ಪು ಕಂಡುಹಿಡೀತಿದ್ದೀರಿ ಅನ್ಸೋದು. ಅದಕ್ಕೇ ಮೆಲ್ಲಗೆ ಮಾತಾಡ್ತಿದ್ದೆ." ಎಂಟು ತಿಂಗಳು ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಮೈ ಹಿಡಿಮಾಡಿಕೊಂಡು ಕೂತಿದ್ದರು. ಬಾಗಿಲಿಲ್ಲದ ಹಾಲ್ ಕಿತ್ತುಕೊಳ್ಳುವುದು ಕೇಳುವವರ ನೆಮ್ಮದಿಯನ್ನು ಮಾತ್ರವಲ್ಲ ಅನ್ನುವುದು ನನಗೆ ಅವತ್ತು ಮನಸ್ಸಿಗೆ ನಾಟಿತು.

ಆದರೆ ಆತ ಇನ್ನೊಂದು ಮಾತೂ ಹೇಳಿದ್ದ. ಆಕೆ ಆಸ್ಪತ್ರೆಯವರ ಜೊತೆ ಹೇಗೆ ಮಾತಾಡುತ್ತಾರೆ ಎಂದು ಕೇಳಿಯೇ ತಾನು ಕೆಲಸ ಕಲಿತೆ ಎಂದ. ಇದನ್ನು ಬಿಟ್ಟುಬಿಡಬಾರದು. ಹೊಸಬರಿಗೆ ಹಿರಿಯರ ಪಕ್ಕ ಕೂರುವುದರಿಂದ ಸಿಗುವುದು ಯಾವ ತರಬೇತಿಯಲ್ಲೂ ಸಿಗಲಿಕ್ಕಿಲ್ಲ. ಹಾಲ್ ಕೆಟ್ಟದ್ದು, ರೂಮು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಜಾಗ ಬೇಕು, ಅಷ್ಟೇ.

ಮ್ಯಾನೇಜರ್ ಹತ್ತಿರ ಹೋಗುವಾಗ ಆಕೆ ಹಾಳೆ ಹಿಡಿದುಕೊಂಡು ಹೋದರು. ದೂರು ಹೇಳಬೇಡಿ, ಒಂದು ತಿಂಗಳ ಪ್ರಯೋಗ ಕೇಳಿ ಎಂದಿದ್ದೆ. ಬೆಳಗ್ಗೆ ಹೊತ್ತು ಖಾಲಿ ಇರುವ ಸಣ್ಣ ಮೀಟಿಂಗ್ ರೂಮು, ವಾರಕ್ಕೆ ಎರಡು ದಿನ, ಹನ್ನೆರಡರವರೆಗೆ. ಎಲ್ಲರೂ ಕಲೆತು ಮಾತಾಡಲಿ ಅಂತಲೇ ಹಾಲ್ ಮಾಡಿದ್ದು ಎಂದು ಅವರು ಹೇಳಬಹುದು, ಅದಕ್ಕೂ ತಯಾರಾಗಿದ್ದೆವು. ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೋಡೆ ತೆಗೆದ ಆಫೀಸುಗಳಲ್ಲಿ ಮುಖಾಮುಖಿ ಮಾತು ಸುಮಾರು ಶೇ. 70ರಷ್ಟು ಇಳಿಯಿತು, ಮೇಲ್‌ಗಳು ಹೆಚ್ಚಾದವು. ಅದನ್ನು ಹೇಳುವ ಸಂದರ್ಭ ಬರಲಿಲ್ಲ. ಮ್ಯಾನೇಜರ್ ಕೇಳಿದ್ದು ಬೇರೆ: "ನಿಮಗೆ ಕೊಟ್ಟರೆ ಎಲ್ಲರೂ ಕೇಳ್ತಾರಲ್ಲ?" ಆಕೆ, "ಕೇಳಿದವರಿಗೆಲ್ಲ ಸರದಿ ಮೇಲೆ ಕೊಡಿ ಸರ್" ಎಂದರು. ರೂಮು ಸಿಕ್ಕಿತು. ಕಾಯಂ ಸೀಟು ಸಿಗಲಿಲ್ಲ. ಅದನ್ನು ಆಕೆ ಎರಡು ಸಲ ಕೇಳಿದರು, ಎರಡು ಸಲವೂ ಇಲ್ಲ ಎಂದರು. ಈಗಲೂ ಕೆಲವು ದಿನ ಹಾಲ್‌ನ ನಟ್ಟನಡುವೆ ಕೂರಬೇಕಾಗುತ್ತದೆ. ಆ ದಿನಗಳು ಈಗಲೂ ಕೆಟ್ಟದಾಗೇ ಹೋಗುತ್ತವೆ.

ಆಕೆಯ ಗಮನ ತಪ್ಪುವ ತೊಂದರೆ ಆಫೀಸಿನ ಬಾಗಿಲಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು. ಎಲ್ಲರದ್ದೂ ಹಾಗಿರುವುದಿಲ್ಲ. ಮನೆಯಲ್ಲೂ, ರಜೆಯಲ್ಲೂ, ಇಷ್ಟದ ಕೆಲಸದಲ್ಲೂ ಮನಸ್ಸು ನಿಲ್ಲದಿದ್ದರೆ, ಎರಡು ವಾರ ಮೀರಿ ಬೇಸರ ಇಳಿಯದಿದ್ದರೆ, ಗೊತ್ತಿರುವ ದಾರಿಯೇ ತಪ್ಪುತ್ತಿದ್ದರೆ, ಆಗ ಹಾಲ್‌ನ ಮೇಲೆ ಹೊರೆ ಹಾಕಿ ಸುಮ್ಮನಿರಬಾರದು. ಡಾಕ್ಟರನ್ನು ಕಾಣಲೇಬೇಕು.

ಕೊನೆಯ ಭೇಟಿಯಲ್ಲಿ ಆಕೆ ಒಂದು ವಿಚಿತ್ರ ಹೇಳಿದರು. ರೂಮು ತಿಂಗಳಿಗೆ ಎಂಟು ಬೆಳಗ್ಗೆ ಸಿಗುತ್ತದೆ, ಆದರೆ ಹೋದ ತಿಂಗಳು ಹೋದದ್ದು ಮೂರೇ ಸಲ. ಉಳಿದದ್ದನ್ನು ಬೇರೆಯವರಿಗೆ ಬಿಟ್ಟುಕೊಟ್ಟರಂತೆ. "ಬೇಕಾದ್ರೆ ಹೋಗಬಹುದು ಅಂತ ಗೊತ್ತಿದ್ದರೆ ಹಾಲ್‌ನಲ್ಲೂ ಅಷ್ಟು ಕಷ್ಟ ಆಗಲ್ಲ. ಯಾಕೆ ಹೀಗೆ?" ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಐವತ್ತು ವರ್ಷಕ್ಕೂ ಹಿಂದೆ ಇದನ್ನೇ ನೋಡಿದ್ದರು. ಕೆಲವರಿಗೆ ಶಬ್ದ ನಿಲ್ಲಿಸುವ ಒಂದು ಗುಂಡಿ ಕೊಟ್ಟರು, ಆದಷ್ಟು ಒತ್ತಬೇಡಿ ಎಂದರು. ಹೆಚ್ಚಿನವರು ಒತ್ತಲಿಲ್ಲ. ಅದೇ ಶಬ್ದವನ್ನು ಗುಂಡಿ ಇಲ್ಲದವರಷ್ಟೇ ಕೇಳಿದರು. ಆದರೂ ಆಮೇಲೆ ಕೊಟ್ಟ ತಪ್ಪು ಹುಡುಕುವ ಓದಿನಲ್ಲಿ ಅವರು ಚೆನ್ನಾಗಿ ಮಾಡಿದರು, ಬಿಡಿಸಲಾಗದ ಒಗಟನ್ನೂ ಬೇಗ ಕೈಬಿಡಲಿಲ್ಲ. ಇದನ್ನು ಹೇಳಿದಾಗ ಆಕೆ ತುಂಬ ಹೊತ್ತು ಯೋಚಿಸಿ, "ಆ ಗುಂಡಿ ಅರವತ್ತು ಜನಕ್ಕೂ ಸಿಗಬೇಕು ಮೇಡಂ" ಎಂದರು.

ಹೊರಡುವಾಗ ನಾನು ಕೇಳಿದೆ, ರಾತ್ರಿಯ ಫೋನ್ ನಂಬರ್ ಪರೀಕ್ಷೆ ಈಗಲೂ ಇದೆಯಾ ಎಂದು.

"ಇಲ್ಲ ಮೇಡಂ, ನಿಂತುಹೋಯ್ತು."

"ಯಾವಾಗಿಂದ?"

ಆಕೆ ಬಾಗಿಲ ಹತ್ತಿರ ನಿಂತು ಕ್ಷಣ ಯೋಚಿಸಿದರು. "ಅದು ನೆನಪಿಲ್ಲ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡರು.